ಕೆಂಪಾಗದ ನಾರು

ಹರಿದ ಹಗ್ಗದ ತುದಿ ನಮ್ಮ ಪ್ರಯೋಗಶಾಲೆಗೆ ಬಂದದ್ದು ಬಿಸ್ಕತ್ತಿನ ಡಬ್ಬಿಯಲ್ಲಿ. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಹೊಸದಾಗಿ ಹಿಡಿದ ಆನೆಗಳನ್ನು ಪಳಗಿಸುತ್ತಿದ್ದ ಶಿಬಿರದವರು ಅದನ್ನು ಕಳುಹಿಸಿದ್ದರು. ಒಂದು ಹೆಣ್ಣಾನೆಯ ಹಿಂಗಾಲಿಗೆ ಕಟ್ಟಿದ್ದ ಹಗ್ಗ ಅದು. ಹರಿದ ಗಳಿಗೆಯಲ್ಲಿ ಆನೆಯ ಕಾಲಿನ ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಿದ್ದ ಕಾವಾಡಿ, ಅಂದರೆ ಮಾವುತನ ಕೈಕೆಳಗಿನವನು, ಅದರ ಕಾಲಿಗೆ ಸಿಕ್ಕಿ ಅಲ್ಲೇ ತೀರಿಕೊಂಡಿದ್ದ. ಶಿಬಿರದವರಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಹಗ್ಗ ಬರೀ ಸೆಣಬಿನದೋ, ಇಲ್ಲ ಪುಂಡಿ ನಾರು ಬೆರೆಸಿದ್ದೋ?

ಪ್ರಶ್ನೆಗೆ ಕಾರಣವಿತ್ತು. ಸೆಣಬೆಂದರೆ ಗೋಣಿಚೀಲದ ಜೂಟಲ್ಲ, ನಮ್ಮ ಹೊಲಗಳಲ್ಲಿ ಬೆಳೆಯುವ ಹಳದಿ ಹೂವಿನ ಗಿಡ; ಅದರ ನಾರು ಬಳುಕುತ್ತದೆ, ಜಗ್ಗಿದರೆ ತಡೆಯುತ್ತದೆ. ಪುಂಡಿ ನಾರು ನೋಡುವುದಕ್ಕೆ ಅದರ ಹಾಗೇ ಇದ್ದರೂ ಬಿರುಸು, ಅಗ್ಗ, ಬೇಗ ಮುರಿಯುತ್ತದೆ. ಆನೆಯ ಹಗ್ಗಕ್ಕೆ ಪುಂಡಿ ಬೆರೆಸುವವನು ಜೀವದ ಜೊತೆ ಆಟವಾಡುವವನೇ ಸರಿ. ಶಿಬಿರಕ್ಕೆ ಹಗ್ಗ ಹೊಸೆದು ಕೊಡುತ್ತಿದ್ದ ಹುಣಸೂರಿನ ಯಜಮಾನ ಬೆರಕೆ ಮಾಡಿದ್ದಾನೆಂದು ಎಲ್ಲರ ಬಾಯಲ್ಲೂ ಬಂದುಬಿಟ್ಟಿತ್ತು. ರುಜುವಾತಾದರೆ ಅವನಿಗೆ ಜೈಲು. ಅದನ್ನೂ ಮೀರಿದ್ದು ಇನ್ನೊಂದಿತ್ತು. ಸತ್ತ ಕಾವಾಡಿ ಅವನ ಸ್ವಂತ ಅಳಿಯ.

ನಾನಾಗ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕ. ಗಿಡದ ಕಾಂಡ, ಬೇರು, ಎಲೆಗಳನ್ನು ರೇಜರಿನಿಂದ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿ, ವಿದ್ಯಾರ್ಥಿಗಳಿಗೆ ತೋರಿಸುವುದು ನನ್ನ ಕೆಲಸ. ರೇಜರ್ ಹಿಡಿಯುವುದರಲ್ಲಿ ಇಡೀ ಮೈಸೂರಿನಲ್ಲಿ ನನ್ನ ಸರಿಸಮ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಬೆಳಗಿನ ಕ್ಷೌರದಲ್ಲಿ ಮಾತ್ರ ಗದ್ದ ಕೊಯ್ದುಕೊಳ್ಳುತ್ತಿದ್ದೆ, ಆ ಮಾತು ಬೇರೆ. ಡಬ್ಬಿಯಲ್ಲಿದ್ದ ತುದಿಯನ್ನು ಯಾರೋ ಪುಣ್ಯಾತ್ಮರು ಚೊಕ್ಕಟವಾಗಿರಲೆಂದು ಸೀಮೆಎಣ್ಣೆಯಲ್ಲಿ ತೊಳೆದು ಕಳುಹಿಸಿದ್ದರು. ನಮ್ಮ ಪ್ರೊಫೆಸರ್ ಮೂಸಿ ನೋಡಿ ಪಕ್ಕಕ್ಕಿಟ್ಟರು. "ಇನ್ನೊಬ್ಬರು ಕತ್ತರಿಸಿ ಕಳಿಸಿದ್ದನ್ನು ನಂಬಿ ಮನುಷ್ಯನನ್ನು ಜೈಲಿಗೆ ಕಳಿಸೋಕಾಗಲ್ಲ. ನೀವೇ ಹೋಗಿ ನೋಡಿ ಬನ್ನಿ" ಎಂದರು.

ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹುಣಸೂರಿನ ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿದ್ದ ರೈತ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟ: "ಆರ್ಮೋನಿಯ್ಮಾ ಸ್ವಾಮಿ?" ಅಲ್ಲವೆಂದೆ. ಅವನಿಗೆ ನಿರಾಸೆಯಾಯಿತು. ಹುಣಸೂರಿನಿಂದ ಕಾಡಿನ ಶಿಬಿರಕ್ಕೆ ಎತ್ತಿನ ಗಾಡಿ. ಆಮ್ಲದ ಬಾಟಲಿಯ ಬಿರಡೆ ಕುಲುಕಾಟಕ್ಕೆ ಸಡಿಲವಾಗಿ, ನನ್ನ ಹೊಸ ಕೋಟಿನ ಜೇಬು ತೂತಾಯಿತು. ಶಿಬಿರ ಮುಟ್ಟುವ ಹೊತ್ತಿಗೆ ನನ್ನ ಮುಖ ನೋಡುವಂತಿರಲಿಲ್ಲ.

ಆ ಹೆಣ್ಣಾನೆಯನ್ನು ಈಗ ಎರಡು ಮರಗಳ ನಡುವೆ ಸರಪಳಿಯಿಂದ ಕಟ್ಟಿದ್ದರು. ಹಿಂಗಾಲಿನ ಸುತ್ತ ಹಸಿ ಗಾಯ, ಅದರ ಮೇಲೆ ನೊಣ. ಹಿಡಿದ ಆನೆಗಳಲ್ಲಿ ಎಷ್ಟೋ ಹೀಗೆ ಹಗ್ಗ ಕೊರೆದ ಗಾಯ ಕೊಳೆತೇ ಸಾಯುತ್ತಿದ್ದವು ಎಂದು ಅಲ್ಲಿಯ ಮಾವುತ ಹೇಳಿದ. ವಯಸ್ಸಾದವನು, ಸತ್ತವನಿಗೆ ಕೆಲಸ ಕಲಿಸಿದ್ದವನು. ಮಾತು ಆಡುವಾಗ ಆನೆಯ ಕಡೆ ನೋಡುತ್ತಿದ್ದನೇ ಹೊರತು ನನ್ನ ಕಡೆಯಲ್ಲ.

"ಗಂಟು ಸರ್ಯಾಗೇ ಆಕಿದ್ದ ಬುದ್ದಿ. ನೋಡಿ, ಗಂಟು ಅಂಗೇ ಅದೆ. ನಡೂಕೆ ಕಿತ್ತೋಗದೆ."

ಅವನು ತೋರಿಸಿದ ಹಗ್ಗವನ್ನು ಕೈಯಲ್ಲಿ ಹಿಡಿದೆ. ಸುಣ್ಣದ ನೀರಿನಷ್ಟು ಬಿಳುಪು. ಆನೆ ಕಟ್ಟುವ ಹಗ್ಗವೆಂದರೆ ಅಂಗೈ ತರಚಬೇಕು. ಇದು ತೊಟ್ಟಿಲಿಗೆ ಕಟ್ಟಬಹುದು ಎನ್ನುವಷ್ಟು ಮೆತ್ತಗಿತ್ತು.

"ಇಂಥಾ ಅಗ್ಗ ನಾನು ಕಂಡೇ ಇರ್ಲಿಲ್ಲ" ಎಂದ ಮಾವುತ. "ನಮ್ಮುಡ್ಗನೇ ಬೇಕು ಅಂತ ಏಳಿ ಮಾಡಿಸ್ಕಂಡಿದ್ದ. ಅದರ ಕಾಲು ಕೊರೀಬಾರ್ದು ಅಂತ ಅವನಿಗೆ. ಒಂದೊಂದ್ ಗಾಯಕ್ಕೂ ಮುಖ ಸಣ್ಣ ಮಾಡ್ಕೊಳೋನು."

ಆ ಮಾತನ್ನು ನಾನು ಕೇಳಿಸಿಕೊಂಡೆ, ಅದರ ತೂಕ ತಿಳಿಯಲಿಲ್ಲ. ನನ್ನ ತಲೆ ತುಂಬ ಪುಂಡಿಯೇ ಇತ್ತು. ಅಲ್ಲಿ ಉಳಿದಿದ್ದ ಇನ್ನೊಂದು ಹರಿದ ತುದಿ, ಹರಿಯದ ನಡುಭಾಗ, ಮತ್ತು ಅದೇ ಯಜಮಾನ ಹಿಂದಿನ ವರ್ಷ ಹೊಸೆದು ಕೊಟ್ಟಿದ್ದ, ಇನ್ನೂ ಗಟ್ಟಿಮುಟ್ಟಾಗಿದ್ದ ಒಂದು ಹಳೆಯ ಹಗ್ಗದ ತುಂಡು, ಇಷ್ಟನ್ನು ನಾನೇ ಕತ್ತರಿಸಿಕೊಂಡು ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿದೆ.

ಹುಣಸೂರಿಗೆ ಮರಳಿ ಮುಸಾಫಿರ್ ಬಂಗಲೆಯ ಜಗಲಿಯಲ್ಲಿ ಅಂಗಡಿ ಹರಡಿದೆ. ಶಿಬಿರದ ಅಧಿಕಾರಿಯೂ ಅಲ್ಲೇ ಒಳಗಿನ ಕೋಣೆಯಲ್ಲಿ ಬೀಡುಬಿಟ್ಟಿದ್ದರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. ತಿಂಡಿಗೆ ಮೊದಲು ಒಮ್ಮೆ, ತಿಂಡಿಯಾದ ಮೇಲೆ ಒಮ್ಮೆ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಬೆಳಕಿಗೆ ಅಡ್ಡ ನಿಲ್ಲಬೇಡಿ ಎಂದು ದೊಡ್ಡವರಿಗೆ ಹೇಳುವುದು ಹೇಗೆ? ಮೊದಲೇ ಮೋಡ ಮುಸುಕಿ, ಸೂಕ್ಷ್ಮದರ್ಶಕದ ಕನ್ನಡಿಗೆ ಬೆಳಕು ಸಿಗದೆ ನಾನು ಪರದಾಡುತ್ತಿದ್ದೆ.

ಪುಂಡಿಯನ್ನು ಸೆಣಬಿನಿಂದ ಬೇರೆ ಮಾಡುವ ಪರೀಕ್ಷೆ ಸುಲಭವಾದದ್ದು. ಗಿಡದ ಮೈಯೆಲ್ಲ ಜೀವಕೋಶಗಳಿಂದ ಆದದ್ದು, ಪ್ರತಿ ಕೋಶಕ್ಕೂ ಸುತ್ತ ಒಂದು ಗೋಡೆ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಗೋಡೆ ಮೂಲತಃ ಸೆಲ್ಯುಲೋಸಿನದು, ಹತ್ತಿಯೂ ಅದೇ. ಕೆಲವು ಕೋಶಗಳ ಗೋಡೆಯೊಳಗೆ ಲಿಗ್ನಿನ್ ಎಂಬ ವಸ್ತು ಇಳಿದು ಅದನ್ನು ಮರದಂತೆ ಬಿರುಸು ಮಾಡುತ್ತದೆ. ಪುಂಡಿ ನಾರಿನ ಗೋಡೆಯಲ್ಲಿ ಲಿಗ್ನಿನ್ ಹೇರಳ, ಸೆಣಬಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಫ್ಲೋರೊಗ್ಲುಸಿನಾಲ್ ಎಂಬ ಬಾಯಿ ತಿರುಗದ ಹೆಸರಿನ ದ್ರಾವಣವನ್ನು ಹಾಕಿ, ಮೇಲೆ ಆಮ್ಲದ ಹನಿ ಬಿಟ್ಟರೆ, ಲಿಗ್ನಿನ್ ಇರುವ ಗೋಡೆ ಕೆಂಪಾಗುತ್ತದೆ. ಇಲ್ಲದ್ದು ಹಾಗೇ ಉಳಿಯುತ್ತದೆ.

ಹಗ್ಗದ ನಾರನ್ನು ಮೊದಲು ಅಂಟುವಾಳದ ನೀರಿನಲ್ಲಿ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು ಎಣ್ಣೆ, ಲದ್ದಿ ಬಿಡಿಸಿದೆ. ಸೂಜಿಯಿಂದ ಬಿಡಿಸಿ ಗಾಜಿನ ಮೇಲಿಟ್ಟು ದ್ರಾವಣ ಹಾಕಿ ಕಣ್ಣಿಟ್ಟು ನೋಡಿದೆ. ಅಲ್ಲಲ್ಲಿ ಕೆಂಪು!

ಅಧಿಕಾರಿಗಳೂ ಬಗ್ಗಿ ನೋಡಿದರು. "ಮುಗೀತಲ್ಲ ರೀ. ಪಾಪಿ, ಮಗಳ ಗಂಡ ಅನ್ನೋದನ್ನೂ ನೋಡ್ಲಿಲ್ಲ. ಬರೆದುಬಿಡಿ" ಎಂದರು.

ಕಾಗದವನ್ನು ಎಳೆದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಮನೆಗೆ ಹೋಗುವ ಆತುರವಿತ್ತು. ಆದರೆ ಆ ಕೆಂಪು ನನಗೆ ಸರಿಕಾಣಲಿಲ್ಲ. ನಾರಿನ ಕೋಶವೆಂದರೆ ಉದ್ದ, ಸಪೂರ, ಎರಡು ತುದಿಯೂ ಚೂಪು, ಗೋಡೆ ಎಷ್ಟು ದಪ್ಪವೆಂದರೆ ಒಳಗಿನ ಪೊಳ್ಳು ಗೆರೆಯಷ್ಟೇ ಉಳಿದಿರುತ್ತದೆ. ಇಲ್ಲಿ ಕೆಂಪಾದವು ಗಿಡ್ಡ, ಅಗಲ, ಪೊಳ್ಳು ಕೊಳವೆಗಳು. ಅವುಗಳ ಗೋಡೆಯಲ್ಲಿ ಸುರುಳಿ ಸುತ್ತಿದಂತೆ ಪಟ್ಟಿಗಳು, ಸಾಲುಸಾಲು ಸಣ್ಣ ಗುಳಿಗಳು. ಅವು ನಾರೇ ಅಲ್ಲ!

ಅವು ಏನೆಂದು ತಿಳಿಯಬೇಕಾದರೆ ಒಂದು ಸೆಣಬಿನ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡಬೇಕು. ಹೊರಗೆ ತೊಗಟೆಯ ಸಿಪ್ಪೆ. ಅದರ ಕೆಳಗೆ ಎಳೆ ಕಾಂಡ ಗಾಳಿಗೆ ಬಾಗಿ ಏಳುವುದಕ್ಕೆ ಒತ್ತಾಸೆಯಾಗುವ ಕೋಶಗಳು, ಮೂಲೆಗಳಲ್ಲಿ ಮಾತ್ರ ಗೋಡೆ ದಪ್ಪ, ಪುಸ್ತಕದಲ್ಲಿ ಇವಕ್ಕೆ ಕೋಲೆಂಕೈಮಾ ಎನ್ನುತ್ತಾರೆ. ನಡುನಡುವೆ ತೆಳ್ಳನೆಯ ಗೋಡೆಯ ದುಂಡು ಕೋಶಗಳ ಪ್ಯಾರೆಂಕೈಮಾ. ಹಾಸಿಗೆಗೆ ತುಂಬಿದ ಹತ್ತಿಯಂತೆ ಖಾಲಿ ಜಾಗವನ್ನೆಲ್ಲ ತುಂಬುವುದು ಅದೇ. ಆ ಮೆತ್ತನೆಯದರ ಮಧ್ಯೆ ಕಂತೆಕಂತೆಯಾಗಿ ನಿಂತಿರುವುದು ಸ್ಕ್ಲೀರೆಂಕೈಮಾ ಜಾತಿಯ ನಾರು, ನಮ್ಮ ಹಗ್ಗವಾಗುವ ಭಾಗ. ಇವೆಲ್ಲದರ ಒಳಗೆ, ಬೇರಿನಿಂದ ನೀರು ಏರಿಸುವ ಕೊಳವೆಗಳ ಮರಭಾಗ. ನೀರಿನ ಕೊಳವೆ ಕುಸಿಯಬಾರದಲ್ಲ, ಅದಕ್ಕೇ ಅದರ ಗೋಡೆಗೆ ಲಿಗ್ನಿನ್ನಿನ ಪಟ್ಟಿ. ನಾರು ಸುಲಿಯುವಾಗ ಒಳಗಿನ ಕಡ್ಡಿಯ ಚೂರು ಅಂಟಿಕೊಂಡು ಬರುವುದು ಸಹಜ. ಕೆಂಪಾಗಿದ್ದದ್ದು ಆ ಕಡ್ಡಿಯ ಚೂರು. ಅದು ಎಂಥ ಪ್ರಾಮಾಣಿಕನ ಹಗ್ಗದಲ್ಲೂ ಇರುತ್ತದೆ.

ಎಳೆದುಕೊಂಡ ಕಾಗದವನ್ನು ಹಿಂದಕ್ಕೆ ತಳ್ಳಿದೆ. ಅಧಿಕಾರಿಗಳು ಹುಬ್ಬು ಗಂಟಿಕ್ಕಿ, "ಮತ್ತೇನ್ರೀ ನಿಮ್ಮದು?" ಎಂದರು. ಇನ್ನೊಮ್ಮೆ ಮಾಡಬೇಕೆಂದೆ. ಕಡ್ಡಿಯ ಚೂರನ್ನೆಲ್ಲ ಸೂಜಿಯಿಂದ ಹೆಕ್ಕಿ ತೆಗೆದು, ಅಪ್ಪಟ ನಾರನ್ನು ಮಾತ್ರ ಇಟ್ಟುಕೊಂಡು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡುವ ಕೆಲಸ. ಅದಕ್ಕೇ ಒಂದು ಇಡೀ ದಿನ ಹಿಡಿಯಿತು.

ಮರುದಿನ ಬೆಳಿಗ್ಗೆ ಎರಡು ಪಿಂಗಾಣಿ ಬಟ್ಟಲುಗಳನ್ನು ಮೇಜಿನ ಮೇಲೆ ಜೋಡಿಸಿದ್ದೆ. ಎಡಗಡೆಯದರಲ್ಲಿ ಸಂತೆಯಿಂದ ತರಿಸಿದ ಪುಂಡಿ ನಾರು, ಬಲಗಡೆಯದರಲ್ಲಿ ಹರಿದ ಹಗ್ಗದ ಅಪ್ಪಟ ನಾರು. ಆಗ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಬಂದು ನಿಂತಳು. ಚಿಕ್ಕ ವಯಸ್ಸು. ಹಣೆ ಬರಿದು, ಕೈ ಬರಿದು. ಯಾರೆಂದು ಕೇಳಬೇಕಾಗಿರಲಿಲ್ಲ.

"ಅಗ್ಗ ನೋಡೋಕೆ ಬಂದಿರೋರು ನೀವೇನಾ ಸ್ವಾಮಿ?"

ಹೌದೆಂದೆ.

"ಅಪ್ಪ ಬೆರಕೆ ಮಾಡವ್ನಾ? ಅದೊಂದು ಏಳಿ ಸಾಕು. ಅವತ್ತಿಂದ ನಾನು ಅವನ ಮನೇಗೆ ಓಗಿಲ್ಲ. ಓಗಬೇಕೋ ಬ್ಯಾಡ್ವೋ ಗೊತ್ತಾಗ್ಬೇಕು ನಂಗೆ."

ನನಗೆ ಹೆಣ್ಣುಮಕ್ಕಳ ಕಣ್ಣೀರೆಂದರೆ ಭಯ. ಇವಳು ಅಳುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೇಲೆ ಬಾ ತಾಯಿ ಎಂದೆ. "ಇದು ಸಂತೆಯ ಪುಂಡಿ, ಇದು ನಿಮ್ಮಪ್ಪನ ಹಗ್ಗದ ನಾರು. ಈಗ ಎರಡಕ್ಕೂ ಇದನ್ನು ಹಾಕುತ್ತೇನೆ. ಪುಂಡಿ ಆದರೆ ಕೆಂಪಾಗುತ್ತದೆ. ಸ್ವಲ್ಪ ಹೊತ್ತು ಬೇಕು" ಎಂದು ಹೇಳಿ ಎರಡೂ ಬಟ್ಟಲಿಗೆ ದ್ರಾವಣ ಹಾಕಿ, ಆಮ್ಲದ ಹನಿ ಬಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಅಧಿಕಾರಿಗಳು ಕೂಗಿದರು. ಮೈಸೂರಿಗೆ ಟಪಾಲು ಹೋಗುವುದಿದೆ, ಏನು ಬರೆಯಲಿ ಎಂದು ನನ್ನನ್ನು ನಿಲ್ಲಿಸಿಕೊಂಡು ಬೈದರು. ನಾನೂ ಒಂದೆರಡು ಮಾತು ತಿರುಗಿಸಿ ಆಡಿದೆ. ಹೊರಗೆ ಬರುವಷ್ಟರಲ್ಲಿ ಹೆಂಗಸು ಇರಲಿಲ್ಲ.

ಎಡಗಡೆಯ ಬಟ್ಟಲು ರಕ್ತಗೆಂಪಾಗಿತ್ತು. ಬಲಗಡೆಯದು ಬೆಳ್ಳಗೇ ಇತ್ತು. ಬೆರಕೆಯಿಲ್ಲ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನೊಂದು ಗಳಿಗೆ ತಡೆದಿದ್ದರೆ ಪಾಪದವಳು ಕಣ್ಣಾರೆ ನೋಡಿಕೊಂಡು ಹೋಗುತ್ತಿದ್ದಳಲ್ಲ ಎಂದು ಪೇಚಾಡಿಕೊಂಡೆ. ಸಂಜೆ ನಾನೇ ಹೋಗಿ ಹೇಳಿ ಬರೋಣವೆಂದುಕೊಂಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತೋ ಏನೋ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅಧಿಕಾರಿಗಳೂ, "ಇಲ್ಲ ಅಂದ್ರೆ ಇಲ್ಲ ಅಂತ ಬರೆಯಿರಿ, ಸಾಕು" ಎಂದರು. ಆದರೆ ಬೆರಕೆಯಿಲ್ಲದ ಸೆಣಬು ನಡುವೆ ಯಾಕೆ ಕಿತ್ತುಹೋಯಿತು? ನನ್ನ ಸ್ವಭಾವವೇ ಹಾಗೆ, ಅರ್ಧ ಬಿಚ್ಚಿದ ಗಂಟು ಕಂಡರೆ ಅನ್ನ ಸೇರುವುದಿಲ್ಲ.

ನಾರನ್ನು ಅಡ್ಡಕ್ಕೆ ಕೊಯ್ಯುವುದು ಕಾಂಡ ಕೊಯ್ದಂತಲ್ಲ, ರೇಜರಿಗೆ ಸಿಗದೆ ಜಾರುತ್ತದೆ. ಒಂದು ಹಿಡಿ ನಾರನ್ನು ಜಾಲಿಯ ಅಂಟಿನಲ್ಲಿ ಅದ್ದಿ ಒಣಗಿಸಿ, ಬೆಂಡಿನ ತುಂಡನ್ನು ಸೀಳಿ ಅದರ ನಡುವೆ ಸಿಕ್ಕಿಸಿ, ಬೆಂಡು ಸಮೇತ ಕೊಯ್ಯಬೇಕು. ಮೊದಲ ಕೊಯ್ತಗಳೆಲ್ಲ ಹರಿದು ಚಿಂದಿಯಾದವು. ರೇಜರನ್ನು ಮತ್ತೆ ಮಸೆದೆ. ಕೊನೆಗೆ ಎರಡು ಹಗ್ಗಗಳದ್ದೂ ಒಳ್ಳೆಯ ಕೊಯ್ತ ಸಿಕ್ಕಿತು, ಹಿಂದಿನ ವರ್ಷದ ಗಟ್ಟಿ ಹಗ್ಗದ್ದು, ಈ ವರ್ಷದ ಬಿಳಿ ಹಗ್ಗದ್ದು.

ಹಳೆಯದರಲ್ಲಿ ನಾರಿನ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಮೂಲೆಗೆ ಮೂಲೆ ಕೂಡಿಕೊಂಡು ಕಂತೆಯಾಗಿ ನಿಂತಿದ್ದವು. ಹೊಸದರಲ್ಲಿ ಕಂತೆಯೇ ಇರಲಿಲ್ಲ. ಪ್ರತಿ ಕೋಶವೂ ಬಿಡಿಬಿಡಿ, ಸುತ್ತ ಸಂದು. ಕೋಶದ ಗೋಡೆ ಚೆನ್ನಾಗಿಯೇ ಇತ್ತು, ದಪ್ಪಕ್ಕೆ, ಹೊಳಪಾಗಿ. ಗೋಡೆಗೂ ಗೋಡೆಗೂ ನಡುವಿನ ಅಂಟು ಹೋಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೆಣಬಿನ ನಾರು ಆಳುದ್ದ ಕಾಣುತ್ತದೆಯಾದರೂ ಅದರ ಒಂದೊಂದು ಕೋಶ ಭತ್ತದ ಕಾಳಿನಷ್ಟೇ ಉದ್ದ. ಅಂಥವು ಸಾವಿರಾರು ಒಂದಕ್ಕೊಂದು ಪೆಕ್ಟಿನ್ ಎಂಬ ಅಂಟಿನಿಂದ ಕೂಡಿಕೊಂಡು ಉದ್ದದ ನಾರಾಗುತ್ತದೆ. ಕಟಾವಾದ ಸೆಣಬಿನ ಕಂತೆಯನ್ನು ನೀರಿನಲ್ಲಿ ಕೊಳೆಹಾಕುವುದು ಸುತ್ತಲಿನ ಮೆತ್ತನೆಯ ಪ್ಯಾರೆಂಕೈಮಾ ಕರಗಿ ನಾರು ಸುಲಿದು ಬರಲಿ ಎಂದು. ಸಕಾಲಕ್ಕೆ ತೆಗೆದರೆ ಹೊರಗಿನ ಅಂಟು ಹೋಗಿ ಒಳಗಿನದು ಉಳಿಯುತ್ತದೆ. ನೀರಿನಲ್ಲಿ ಹೆಚ್ಚು ಬಿಟ್ಟಷ್ಟೂ ನಾರು ಬೆಳ್ಳಗಾಗುತ್ತದೆ, ಮೆತ್ತಗಾಗುತ್ತದೆ. ಜೊತೆಗೆ ಒಳಗಿನ ಅಂಟೂ ಕರಗುತ್ತ ಹೋಗುತ್ತದೆ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಾಗ ಮಾವುತನ ಮಾತು ನೆನಪಾಯಿತು. ನಮ್ಮುಡ್ಗನೇ ಏಳಿ ಮಾಡಿಸ್ಕಂಡಿದ್ದ. ಬೆಳಗಿನ ಸಂತೋಷವೆಲ್ಲ ಇಳಿದುಹೋಯಿತು.

ಯಜಮಾನನ ಹಗ್ಗದ ಕಣ ಲಕ್ಷ್ಮಣತೀರ್ಥದ ದಂಡೆಯಲ್ಲಿತ್ತು. ಉದ್ದಕ್ಕೆ ಕವೆಗೋಲುಗಳು ನೆಟ್ಟಿದ್ದವು, ಹುರಿ ಹಾಕುವ ರಾಟೆ ನಿಂತಿತ್ತು. ಯಾರೂ ಕೆಲಸ ಮಾಡುತ್ತಿರಲಿಲ್ಲ. ಹೊಳೆಯ ಪಕ್ಕದ ಮಡುವಿನಲ್ಲಿ ಕೊಳೆಹಾಕಿದ ಕಂತೆಗಳ ವಾಸನೆ ಮೂಗಿಗೆ ಬಡಿಯುತ್ತಿತ್ತು. ಯಜಮಾನ ನನ್ನನ್ನು ಕಂಡು ಎದ್ದು ನಿಂತ. ಒಣಕಲು ದೇಹ, ಅಂಗೈ ಮಾತ್ರ ಹಲಗೆಯಂತೆ ದಪ್ಪ.

"ನಿಮ್ಮ ಹಗ್ಗದಲ್ಲಿ ಬೆರಕೆ ಇಲ್ಲ ಯಜಮಾನರೇ" ಎಂದೆ ಮೊದಲು.

"ಅದು ನಂಗೊತ್ತಲ್ಲ ಬುದ್ದಿ" ಎಂದ ಅವನು. ಅವನ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ.

ಕಂತೆಯನ್ನು ನೀರಿನಿಂದ ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ. ಅವನು ಮಡುವಿನಿಂದ ಒಂದು ಕಡ್ಡಿ ಎಳೆದು ಬುಡದಲ್ಲಿ ಹೆಬ್ಬೆರಳಿಟ್ಟು ಜಾರಿಸಿ ತೋರಿಸಿದ. "ಇಂಗೆ ತೊಗ್ಲು ಬೆರಳಿಗೆ ಜಾರ್ತು ಅಂದ್ರೆ ಅವತ್ತೇ ತೆಗುದ್ಬುಡ್ಬೇಕು."

"ಆ ಬಿಳಿ ಹಗ್ಗದ ಕಂತೆಯನ್ನೂ ಅವತ್ತೇ ತೆಗೆದಿರಾ?"

ಅವನು ಕಡ್ಡಿಯನ್ನು ಮತ್ತೆ ನೀರಿಗೆ ಹಾಕಿದ. ಆಮೇಲೆ ಹೇಳಿದ. ಮಗಳು ಬಂದಿದ್ದಳಂತೆ. ಗಂಡ ಆನೆಯ ಕಾಲು ನೋಡಿ ಊಟ ಬಿಡುತ್ತಾನೆ, ನಿನ್ನ ಹಗ್ಗ ಮುಳ್ಳು ಇದ್ದಂಗದೆ, ಒಂದು ಸಲ ಮೆತ್ತಗೆ ಮಾಡಿಕೊಡಪ್ಪ ಎಂದು ಕೇಳಿದಳಂತೆ. ಅಳಿಯ ಮೊದಲ ಸಲ ತನ್ನಿಂದ ಏನನ್ನಾದರೂ ಕೇಳಿದ್ದು, ಅದೂ ಮಗಳ ಕೈಲಿ ಹೇಳಿಸಿ. ಇವನು ಕಂತೆಯನ್ನು ಮಡುವಿನಲ್ಲೇ ಬಿಟ್ಟ. ತೆಗೆದು ತೊಳೆದು ಮತ್ತೆ ಹಾಕಿದ. ನಾರು ರೇಷ್ಮೆಯಂತೆ ಬಂದಾಗ ಕಣದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದ.

"ಬಲ ಕಮ್ಮಿ ಆಯ್ತದೆ ಅಂತ ಗೊತ್ತಿತ್ತು ಬುದ್ದಿ. ಅದಕ್ಕೆ ಒಂದೆಳೆ ಎಚ್ಚಿಗೆ ಸೇರ್ಸಿದ್ದೆ. ಸಾಕು ಅಂದ್ಕಂಡಿದ್ದೆ." ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದ. "ಅದಕ್ಕೇನಾ ಕಿತ್ತೋಗಿದ್ದು?"

ಸುಳ್ಳು ಹೇಳಲು ನನಗೆ ನಾಲಗೆ ಬರಲಿಲ್ಲ. ಹೌದೆಂದೆ.

ಅವನು ನಿಂತಲ್ಲೇ ಕುಕ್ಕರಿಸಿದ. ಆ ಹಲಗೆಯಂಥ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ನನಗೆ ಏನು ಮಾಡಬೇಕೋ ತೋಚದೆ, ಪಕ್ಕದಲ್ಲಿ ಹೊಳೆಯ ಕಡೆ ಮುಖ ಮಾಡಿ ನಿಂತೆ.

ಅವನು ಕೈ ತೆಗೆದು ನನ್ನ ಕಡೆ ತಿರುಗಿದ. "ಬುದ್ದಿ, ನಂದೊಂದು ಮಾತು ನಡೆಸ್ಕೊಡಿ. ಬೆರಕೆ ಮಾಡವ್ನೆ ಅಂತ ಬರ್ಕೊಂಡ್ಬುಡಿ."

ನಾನು ಬೆಚ್ಚಿದೆ. "ಜೈಲಿಗೆ ಹೋಗುತ್ತೀರಿ."

"ಓಯ್ತೀನಿ. ಮೆತ್ತಗೆ ಮಾಡಿಕೊಡು ಅಂದೋಳು ಅವಳು. ಅದರಿಂದ್ಲೇ ಕಿತ್ತೋಯ್ತು ಅಂತ ಅವಳಿಗೆ ಗೊತ್ತಾದ್ರೆ ಎಂಗ್ ಬದುಕ್ತಾಳೆ ಏಳಿ. ಅಪ್ಪ ಮೋಸ ಮಾಡ್ದ ಅಂದ್ರೆ ನನ್ನ ಬೈಕಂಡಾದ್ರೂ ಬದುಕ್ತಾಳೆ."

ಬಂಗಲೆಗೆ ನಡೆದು ಬರುವ ದಾರಿಯುದ್ದಕ್ಕೂ ನನ್ನೊಳಗೇ ಜಗಳವಾಡಿದೆ. ಕೆಂಪಾಗದ ನಾರನ್ನು ಕೆಂಪೆಂದು ಬರೆಯುವುದು ನನ್ನ ಕೈಯಲ್ಲಾಗದ ಕೆಲಸ. ಇವತ್ತು ಕರುಣೆಗೆ ಬರೆದರೆ ನಾಳೆ ಇನ್ನಾವುದಕ್ಕೋ ಬರೆಯುತ್ತೇನೆ. ಆದರೆ ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ಕಚೇರಿಯಲ್ಲಿ ಇರುತ್ತದೆ. ಅದನ್ನು ಹೊತ್ತುಕೊಂಡು ಹೋಗಿ ಆ ಹೆಣ್ಣುಮಗಳ ಮುಂದೆ ಓದುವುದು ನನ್ನ ಕೆಲಸವಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು, ಅವಳಿಗೆ ಮಾತ್ರ ಏನೂ ಹೇಳದಿರುವುದು, ಇದೇ ನಾನು ಮಾಡಿದ ತೀರ್ಮಾನ. ಅಂದು ಸಂಜೆ ಅವಳ ಮನೆಯ ಕಡೆ ಹೋಗಲಿಲ್ಲ. ವರದಿಯಲ್ಲಿ ಇದ್ದದ್ದೇ ಇರುತ್ತದೆ, ನಿಮ್ಮ ಮಗಳಿಗೆ ಮಾತ್ರ ನಾನು ಹೇಳುವುದಿಲ್ಲವೆಂದು ಯಜಮಾನನಿಗೆ ಮಾತು ಕೊಟ್ಟು ಕಳುಹಿಸಿದೆ.

ಅಧಿಕಾರಿಗಳು ವರದಿಯ ಮೊದಲ ಸಾಲು ಓದಿದರು, ಬೆರಕೆಯಿಲ್ಲ ಎಂಬಲ್ಲಿಗೆ ಮೊಕದ್ದಮೆ ಮುಗಿಯಿತು. ಉಳಿದದ್ದನ್ನು ಓದಿದರೋ ಇಲ್ಲವೋ. "ಇನ್ಮೇಲೆ ಸರಪಳಿನೇ ತರಿಸೋದು ರೀ" ಎಂದಷ್ಟೇ ಹೇಳಿದರು.

ನಾನು ಹೊರಡುವ ಬೆಳಿಗ್ಗೆ ಪೆಟ್ಟಿಗೆಗೆ ಪಟ್ಟಿ ಬಿಗಿಯುತ್ತಿದ್ದೆ. ಯಜಮಾನ ಮಗಳನ್ನು ಕರೆದುಕೊಂಡು ಜಗಲಿಯ ಮುಂದೆ ಬಂದು ನಿಂತ.

"ಈ ಸ್ವಾಮ್ಯೋರ ಮುಂದೇನೇ ಏಳ್ತೀನಿ ಕೇಳವ್ವ. ನಾನೇ ಪುಂಡಿ ಬೆರ್ಸಿದ್ದೆ. ಆಸೆಗೆ ಬಿದ್ದೆ. ಇವರು ಕಂಡಿಡುದ್ರು. ದೊಡ್ಡ ಮನ್ಸು ಮಾಡಿ ಜೈಲು ತೆಪ್ಪಿಸವ್ರೆ."

ಮಗಳು ನನ್ನ ಕಡೆ ತಿರುಗಿದಳು. ನಾನು ಪೆಟ್ಟಿಗೆಯ ಪಟ್ಟಿಯ ಕಡೆ ನೋಡಿದೆ. ಬಟ್ಟಲುಗಳಿದ್ದ ಮೇಜು ಈಗ ಖಾಲಿಯಿತ್ತು. ಅವಳು ಅದನ್ನು ಒಮ್ಮೆ ನೋಡಿದಳು, ಆಮೇಲೆ ತಂದೆಯನ್ನು.

"ಅಂಗಾದ್ರೆ ಇನ್ನು ನಿನ್ನ ಬಾಗ್ಲಿಗೆ ಬರಾಕಿಲ್ಲ ಕಣಪ್ಪ" ಎಂದಳು. ಕೂಗಾಡಲಿಲ್ಲ, ಶಪಿಸಲಿಲ್ಲ. ಸೆರಗು ಹೊದ್ದುಕೊಂಡು ಹೊರಟುಹೋದಳು. ಯಜಮಾನ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ನನಗೆ ಕೈಮುಗಿದ. ಅಷ್ಟು ಭಾರವಾದ ನಮಸ್ಕಾರವನ್ನು ನಾನು ಮತ್ತೆ ಯಾರಿಂದಲೂ ತೆಗೆದುಕೊಂಡಿಲ್ಲ.

ಆಮೇಲೆ ಎರಡನೆಯ ಮಹಾಯುದ್ಧ ಬಂತು. ಹೊಗೆಸೊಪ್ಪಿನ ಎಲೆಗೆ ಚುಕ್ಕೆರೋಗ ಬಿದ್ದಿದೆಯೆಂದು ನನ್ನನ್ನು ಪಿರಿಯಾಪಟ್ಟಣದ ಕಡೆಗೆ ಕಳುಹಿಸಿದರು. ಸೊಪ್ಪು ಹದಮಾಡುವ ಒಂದು ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕುಳಿತು, ಹಸಿ ಎಲೆಗಳನ್ನು ಹುರಿಯಿಂದ ಕೋಲಿಗೆ ಕಟ್ಟುತ್ತಿದ್ದರು. ಒಬ್ಬಳು ಮಾತ್ರ ಪ್ರತಿ ಹುರಿಯನ್ನೂ ಕಟ್ಟುವ ಮೊದಲು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡುತ್ತಿದ್ದಳು. ಹತ್ತಿರ ಹೋದಾಗ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿತು.

"ನಿಮ್ಮ ತಂದೆ ಹೇಗಿದ್ದಾರೆ?" ಎಂದೆ.

"ಓದ ವರ್ಷ ತೀರ್ಕಂಡ್ರು ಸ್ವಾಮಿ. ಮಣ್ಣು ಆಕೋಕೆ ಓಗಿದ್ದೆ."

"ಅದಕ್ಕೆ ಮೊದಲು?"

ಇಲ್ಲವೆಂದು ಅವಳು ತಲೆಯಲ್ಲಾಡಿಸಿದಳು. ನನಗೆ ತಡೆಯಲಾಗಲಿಲ್ಲ. ಸತ್ತವನಿಗೆ ಕೊಟ್ಟ ಮಾತನ್ನು ಸತ್ತ ಮೇಲೆ ಎಷ್ಟೆಂದು ಕಾಯುವುದು? ಕೊನೆಗೆ ಅವನ ಮೈಮೇಲಿನ ಆ ಕಳಂಕವನ್ನಾದರೂ ತೊಳೆಯೋಣವೆಂದು, "ನಿಮ್ಮ ತಂದೆ ಬೆರಕೆ ಮಾಡಿರಲಿಲ್ಲ ತಾಯಿ" ಎಂದೆ.

"ನಂಗೊತ್ತು" ಎಂದಳು.

ಹುರಿ ಅವಳ ಬೆರಳಿನಲ್ಲಿ ನಿಂತಿತು. "ಎಲ್ಡು ಬಟ್ಲು ಇಟ್ಟಿದ್ರಲ್ಲ. ನೀವು ಒಳಕ್ಕೋದ ಮ್ಯಾಲೆ ಒಂದು ಕೆಂಪಾಯ್ತು. ನಮ್ಮದು ಆಗ್ಲಿಲ್ಲ. ನೋಡ್ಕಂಡೇ ಓದೆ. ಬೆರಕೆ ಅಲ್ಲ ಅಂದ್ಮೇಲೆ ಇನ್ನೇನು ಉಳೀತದೆ ಸ್ವಾಮಿ? ಮೆತ್ತಗೆ ಮಾಡಿಕೊಡು ಅಂತ ಕೇಳ್ದೋಳು ನಾನೇ ಅಲ್ವ?"

"ಮತ್ತೆ ಯಾಕೆ ಹೋಗಲಿಲ್ಲ?" ಎಂದು ಕೇಳಿದೆ.

"ಸುಳ್ಳೇಳಿ ನನ್ನ ಉಳಿಸ್ದೆ ಅಂತ ನೆಮ್ಮದಿಯಾಗಿದ್ದ ಅಪ್ಪ. ನಾನೋದ್ರೆ ಮುಖ ನೋಡಿ ಕಂಡಿಡಿಯೋನು, ನಂಗೆ ಗೊತ್ತು ಅಂತ."

ಅಷ್ಟು ಹೇಳಿ ಅವಳು ಇನ್ನೊಂದು ಎಲೆ ತೆಗೆದುಕೊಂಡಳು, ಹುರಿಯನ್ನು ಜಗ್ಗಿ ನೋಡಿ ಕಟ್ಟಿದಳು.